ಅಡಕೆಯ ಚೂರು ಜೀವಕೋಶಕ್ಕೆ ಹೇಳುವ ಮಾತು

ಚಿತ್ರದುರ್ಗದ ಹೆಸರನ್ನು ಕೇಳಿದೊಡನೆ ಹೊರಗಿನವರ ಕಣ್ಣ ಮುಂದೆ ನಿಲ್ಲುವುದು ಕಲ್ಲಿನ ಕೋಟೆ, ಬಿಸಿಲು ಮತ್ತು ಬಯಲು. ಆದರೆ ಇದೇ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕನ್ನು, ಅದರ ತಾಳ್ಯ, ರಾಮಗಿರಿ, ಬಿ. ದುರ್ಗ ಮೊದಲಾದ ಹೋಬಳಿಗಳನ್ನು ಬಲ್ಲವರಿಗೆ ಅಡಕೆತೋಟದ ತಂಪೂ ಪರಿಚಿತವಾದುದೇ. ಕೊಯ್ಲಿನ ಕಾಲದಲ್ಲಿ ಈ ಸೀಮೆಯಲ್ಲಿ ಸಂಚರಿಸಿದರೆ ಹಸಿ ಅಡಕೆಯನ್ನು ಸುಲಿಯುವವರ ಸಾಲು, ಹಂಡೆಗಳಲ್ಲಿ ಕುದಿಯುತ್ತಿರುವ ಅಡಕೆ, ಕಣದ ತುಂಬ ಹರಡಿಕೊಂಡು ಬಿಸಿಲಿಗೆ ಒಣಗುತ್ತಿರುವ ಕೆಂಪು ರಾಶಿ ಇವೆಲ್ಲವೂ ಕಾಣಸಿಗುವುವು. ಅಡಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಗಟ್ಟಿಯಾಗಿ ಚೊಗರಾಗುವುದು. ಅದೇ ಚೊಗರನ್ನು ಹಚ್ಚಿ ಅಡಕೆಗೆ ಬಣ್ಣವನ್ನೂ ಹೊಳಪನ್ನೂ ಕೊಡುವರು. ಭೀಮಸಮುದ್ರದ ಮಂಡಿಗಳಿಂದ ಈ ಕೆಂಪಡಕೆ ಉತ್ತರ ಭಾರತದವರೆಗೂ ಹೋಗುವುದು. ಜಗತ್ತಿನಲ್ಲಿ ಅತಿ ಹೆಚ್ಚು ಅಡಕೆ ಬೆಳೆಯುವ ದೇಶ ಭಾರತ. ಭಾರತದಲ್ಲಿ ಮೊದಲ ಸ್ಥಾನ ಕರ್ನಾಟಕದ್ದು.

ಮದುವೆಯ ಮಂಟಪದಿಂದ ಮುಯ್ಯಿಯ ಮನೆಯವರೆಗೆ ಎಲ್ಲ ಕಡೆಯೂ ಇರುವ ಈ ಅಡಕೆಯ ಚೂರು ಬಾಯಿಯಲ್ಲಿ ನೆನೆದಾಗ, ಅದರ ರಸವು ಅಲ್ಲಿನ ಜೀವಕೋಶಗಳೊಡನೆ ಯಾವ ಮಾತನ್ನು ಆಡುತ್ತದೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಪ್ರಯೋಗಶಾಲೆಯು ಹಲವು ವರ್ಷ ದುಡಿದಿದೆ. ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಾವು ಜೀವವಿಜ್ಞಾನದ ಹೊಲಕ್ಕೆ ಕಾಲಿಟ್ಟೆವೆಂದು ವಾಚಕರು ಆಶ್ಚರ್ಯಪಡಬೇಕಾಗಿಲ್ಲ. ಇಲ್ಲಿ ವಿದ್ಯುದಂಶವಿದೆ, ಅಯಾನುಗಳ ಪ್ರವಾಹವಿದೆ, ವಿದ್ಯುತ್ಕ್ಷೇತ್ರದಲ್ಲಿ ಅಣುಗಳ ಓಟವಿದೆ. ನಮ್ಮ ಪರಿಚಯದ ಸಾಮಗ್ರಿಗಳೇ ಹೆಚ್ಚು.

ಮೊದಲು ರೋಗದ ವಿಷಯ. ೧೯೫೨ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯನು ಆಫ್ರಿಕಾದ ನೈರೋಬಿಯಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರ ಬಾಯಿಯಲ್ಲಿ ವಿಚಿತ್ರವಾದ ಬಿಗಿತವನ್ನು ಕಂಡು ವರ್ಣಿಸಿದನು. ಮರುವರ್ಷ, ೧೯೫೩ರಲ್ಲಿ, ಮುಂಬಯಿಯ ವೈದ್ಯ ಜೋಶಿಯವರು ಭಾರತದಲ್ಲಿಯೇ ಅಂಥ ರೋಗಿಗಳನ್ನು ಗುರುತಿಸಿ ವರದಿ ಮಾಡಿದರು. ಈ ರೋಗದಲ್ಲಿ ಕೆನ್ನೆಯ ಒಳಗಿನ ಲೋಳೆಪೊರೆಯು ತನ್ನ ಗುಲಾಬಿಬಣ್ಣವನ್ನು ಕಳೆದುಕೊಂಡು ಬಿಳಿಚಿಕೊಳ್ಳುವುದು. ಅದರಡಿಯಲ್ಲಿ ನಾರು ಕಟ್ಟುತ್ತ ಹೋಗಿ, ಬೆರಳಿನಿಂದ ಸವರಿದರೆ ಹಗ್ಗದಂಥ ಪಟ್ಟಿಗಳು ಕೈಗೆ ಸಿಕ್ಕುವುವು. ಮೊದಮೊದಲು ಖಾರವನ್ನು ತಿಂದರೆ ಉರಿ. ಆಮೇಲೆ ರಾಗಿಮುದ್ದೆಯ ತುತ್ತಿಗೂ ಬಾಯಿ ತೆರೆಯದು. ನಾಲಗೆಯನ್ನು ಹೊರಚಾಚುವುದೂ ಸೀಟಿ ಹಾಕುವುದೂ ಕಷ್ಟವಾಗುವುದು. ಇದಕ್ಕೆ ವೈದ್ಯರು ಇಟ್ಟಿರುವ ಉದ್ದನೆಯ ಹೆಸರನ್ನು ಬದಿಗಿಟ್ಟು ನಾವು ‘ನಾರುಗಟ್ಟು ರೋಗ’ ಎಂದು ಕರೆಯೋಣ.

ಬಾಯಿ ಬಿಗಿದುಕೊಳ್ಳುವುದು ಮಾತ್ರವಾಗಿದ್ದರೆ ಇದನ್ನು ಬರಿಯ ಕಷ್ಟವೆಂದು ಸಹಿಸಿಕೊಳ್ಳಬಹುದಾಗಿತ್ತು. ಆದರೆ ಕೇರಳದ ಎರ್ನಾಕುಲಂ ಕಡೆಯಲ್ಲಿ ಇಂಥ ೬೬ ರೋಗಿಗಳನ್ನು ೧೭ ವರ್ಷಗಳ ಕಾಲ ಎಡೆಬಿಡದೆ ಗಮನಿಸಿದ ಅಧ್ಯಯನವೊಂದು ೧೯೮೫ರಲ್ಲಿ ಪ್ರಕಟವಾಯಿತು. ಅವರಲ್ಲಿ ಐವರಿಗೆ, ಎಂದರೆ ನೂರಕ್ಕೆ ೭.೬ರಷ್ಟು ಮಂದಿಗೆ, ಬಾಯಿಯ ಕ್ಯಾನ್ಸರು ಉಂಟಾಗಿತ್ತು. ಆದಕಾರಣ ಈ ನಾರುಗಟ್ಟು ರೋಗವನ್ನು ಕ್ಯಾನ್ಸರಿನ ಹೊಸ್ತಿಲೆಂದು ತಿಳಿಯುವುದು ವಾಡಿಕೆಯಾಯಿತು.

ಅಡಕೆಯ ಮೇಲಿನ ಆರೋಪವು ಒಂದೇ ದಿನದಲ್ಲಿ ಸಿದ್ಧವಾದುದಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ೧೯೮೫ರಲ್ಲಿ ವಿಚಾರಮಾಡಿದಾಗ, ಹೊಗೆಸೊಪ್ಪು ಬೆರೆತ ಎಲೆಯಡಕೆಯನ್ನು ಮಾತ್ರ ಕ್ಯಾನ್ಸರಿಗೆ ಕಾರಣವೆಂದು ಹೇಳಿತು. ಹೊಗೆಸೊಪ್ಪಿಲ್ಲದ ಅಡಕೆಯ ವಿಷಯದಲ್ಲಿ ಸಾಕ್ಷ್ಯ ಸಾಲದೆಂದು ತೀರ್ಪನ್ನು ಕಾಯ್ದಿರಿಸಿತು. ಸುಮಾರು ಇಪ್ಪತ್ತು ವರ್ಷಗಳ ಮೇಲೆ, ೨೦೦೪ರಲ್ಲಿ ಪ್ರಕಟವಾದ ಸಂಪುಟದಲ್ಲಿ, ಹೊಗೆಸೊಪ್ಪಿಲ್ಲದ ಎಲೆಯಡಕೆಯನ್ನೂ ಬರಿಯ ಅಡಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ಜನರನ್ನು ಎಣಿಸಿ, ಹೋಲಿಸಿ ಪಡೆದ ಈ ತೀರ್ಪು ‘ಏನಾಗುತ್ತದೆ’ ಎಂಬುದನ್ನು ಹೇಳಿತು. ‘ಹೇಗೆ ಆಗುತ್ತದೆ’ ಎಂಬುದನ್ನು ಹೇಳಬೇಕಾದುದು ಪ್ರಯೋಗಶಾಲೆ.

ಜೀವಕೋಶವು ಕದವಿಲ್ಲದ ಗುಡಿಸಲಲ್ಲ. ಅದರ ಸುತ್ತಲೂ ಕೊಬ್ಬಿನಂಥ ಅಣುಗಳು ಎರಡು ಸಾಲಾಗಿ ನಿಂತು ಕಟ್ಟಿದ ಪೊರೆಯೊಂದಿದೆ. ಅದರ ದಪ್ಪ ಸುಮಾರು ೫ ನ್ಯಾನೊಮೀಟರ್. ಒಂದು ಮಿಲಿಮೀಟರಿನಲ್ಲಿ ಇಂಥ ಎರಡು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಜೋಡಿಸಬಹುದು. ನೀರಿನಲ್ಲಿ ಕರಗಿದ ಹೆಚ್ಚಿನ ವಸ್ತುಗಳನ್ನು ಈ ಪೊರೆಯು ಸುಲಭವಾಗಿ ಒಳಕ್ಕೆ ಬಿಡದು. ಹಾಗಾದರೆ ಹೊರಗಿನ ಸುದ್ದಿಯು ಒಳಕ್ಕೆ ಮುಟ್ಟುವುದೆಂತು? ಪೊರೆಯಲ್ಲಿ ಅಲ್ಲಲ್ಲಿ ನೆಟ್ಟಿರುವ ಪ್ರೋಟೀನುಗಳೇ ಈ ಕೆಲಸಕ್ಕೆ ನೇಮಕವಾದುವು. ಇವುಗಳ ಒಂದು ತುದಿ ಹೊರಗೆ, ಇನ್ನೊಂದು ಒಳಗೆ. ತನಗೆ ಒಪ್ಪುವ ಅಣುವೊಂದು ಹೊರತುದಿಯಲ್ಲಿ ಬಂದು ಕುಳಿತೊಡನೆ ಪ್ರೋಟೀನಿನ ಆಕಾರವು ಕೊಂಚ ಬದಲಾಗುವುದು. ಆ ಬದಲಾವಣೆಯು ಒಳತುದಿಗೂ ತಲುಪುವುದು. ಅಣುವು ಒಳಕ್ಕೆ ಬರಲೇ ಇಲ್ಲ, ಸುದ್ದಿ ಮಾತ್ರ ಬಂದಿತು. ಇಂಥ ಪ್ರೋಟೀನಿಗೆ ‘ಗ್ರಾಹಕ’ವೆಂದು ಹೆಸರು. ಅಂಗಡಿಗೆ ಬರುವ ಗ್ರಾಹಕನಿಗೂ ಇದಕ್ಕೂ ಹೆಸರಿನ ಸಾಮ್ಯವಷ್ಟೆ; ಇಲ್ಲಿ ಗ್ರಾಹಕವು ಬಾಗಿಲಲ್ಲಿಯೇ ನಿಂತಿರುತ್ತದೆ, ಬಂದುಹೋಗುವುದು ಸರಕು.

ಈ ಕಲ್ಪನೆಗೆ ನೂರಕ್ಕೂ ಹೆಚ್ಚು ವರ್ಷ ವಯಸ್ಸಾಗಿದೆ. ಕೇಂಬ್ರಿಜಿನ ಲ್ಯಾಂಗ್ಲಿಯು ೧೯೦೫ರಲ್ಲಿ ಕೋಳಿಯ ಸ್ನಾಯುವಿನ ಮೇಲೆ ನಿಕೋಟಿನ್ ಮತ್ತು ಕ್ಯುರಾರೆ ಎಂಬ ಎರಡು ಸಸ್ಯವಿಷಗಳನ್ನು ಪ್ರಯೋಗಿಸಿ, ಒಂದು ಕೆರಳಿಸುವುದನ್ನೂ ಇನ್ನೊಂದು ತಡೆಯುವುದನ್ನೂ ನೋಡಿ, ಸ್ನಾಯುವಿನಲ್ಲಿ ಇವೆರಡನ್ನೂ ಸ್ವೀಕರಿಸುವ ಯಾವುದೋ ವಸ್ತುವಿರಬೇಕೆಂದು ಊಹಿಸಿದನು. ಆ ವಸ್ತುವನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ೧೯೧೪ರಲ್ಲಿ ಹೆನ್ರಿ ಡೇಲ್ ಎಂಬವನು ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಪರಿಣಾಮಗಳನ್ನು ಎರಡು ಬಗೆಯಾಗಿ ವಿಂಗಡಿಸಿದನು: ನಿಕೋಟಿನ್ನಿನ ಪರಿಣಾಮವನ್ನು ಹೋಲುವುದು ಒಂದು, ಒಂದು ಜಾತಿಯ ನಾಯಿಕೊಡೆಯಲ್ಲಿರುವ ಮಸ್ಕರಿನ್ ಎಂಬ ವಿಷವನ್ನು ಹೋಲುವುದು ಇನ್ನೊಂದು. ೧೯೨೧ರಲ್ಲಿ ಆಟೊ ಲೋವಿಯು ಕಪ್ಪೆಯ ಎರಡು ಹೃದಯಗಳನ್ನಿಟ್ಟುಕೊಂಡು, ಒಂದರ ನರವನ್ನು ಕೆರಳಿಸಿ ಅದರ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಹನಿಸಿದಾಗ ಎರಡನೆಯ ಹೃದಯವೂ ನಿಧಾನವಾಯಿತು. ನರವು ತನ್ನ ಸುದ್ದಿಯನ್ನು ರಾಸಾಯನಿಕದ ಮೂಲಕ ಕಳುಹುತ್ತದೆಂಬುದು ಹೀಗೆ ಸ್ಥಾಪಿತವಾಯಿತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ೧೯೩೬ರಲ್ಲಿ ಡೇಲ್ ಮತ್ತು ಲೋವಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಈಗ ಅಡಕೆಗೆ ಬರೋಣ. ಅಡಕೆಯಲ್ಲಿ ಅರಿಕೋಲಿನ್ ಎಂಬ ಸಸ್ಯಕ್ಷಾರವಿದೆ. ಅರಿಕೈಡಿನ್, ಗುವಾಸಿನ್ ಮುಂತಾದ ಅದರ ಬಂಧುಗಳೂ ಇವೆ. ಅರಿಕೋಲಿನ್ ಅಣುವು ಅಸಿಟೈಲ್‌ಕೋಲಿನ್ನಿನ ವೇಷವನ್ನು ಧರಿಸಬಲ್ಲುದು. ಮಸ್ಕರಿನ್ ಬಗೆಯ ಗ್ರಾಹಕಗಳು ಈ ವೇಷಧಾರಿಯನ್ನು ನಿಜವಾದ ದೂತನೆಂದೇ ತಿಳಿದು ಒಳಕ್ಕೆ ಸುದ್ದಿಯನ್ನು ಕಳುಹುವುವು. ರೂಢಿಯಿಲ್ಲದವರು ಅಡಕೆಯನ್ನು ಹಾಕಿಕೊಂಡಾಗ ಮೈ ಬಿಸಿಯೇರಿ, ಬೆವರೊಡೆದು, ಬಾಯಿತುಂಬ ಜೊಲ್ಲು ಸುರಿಯುವುದನ್ನು ನಮ್ಮ ಹಳ್ಳಿಗರು ‘ಅಡಕೆ ಸೊಕ್ಕಿತು’ ಎನ್ನುವರು. ಬೆವರಿನ ಗ್ರಂಥಿ, ಜೊಲ್ಲಿನ ಗ್ರಂಥಿ ಇವೆರಡರಲ್ಲಿಯೂ ಮಸ್ಕರಿನ್ ಗ್ರಾಹಕಗಳಿವೆ ಎಂದು ತಿಳಿದವರಿಗೆ ಆ ಸೊಕ್ಕಿನಲ್ಲಿ ಮಾಟವೇನೂ ಕಾಣದು. ನಮ್ಮ ಬೇಲಿಯ ಪಕ್ಕದ ದತ್ತೂರಿಯಲ್ಲಿ ಇದಕ್ಕೆ ನೇರ ವಿರುದ್ಧವಾದ ಅಟ್ರೊಪೀನ್ ಎಂಬ ವಿಷವಿದೆ. ಅದು ಅದೇ ಗ್ರಾಹಕದಲ್ಲಿ ಕುಳಿತು ಬಾಗಿಲಿಗೆ ಅಗುಳಿ ಹಾಕುವುದು, ಬಾಯಿ ಒಣಗುವುದು.

ಗ್ರಂಥಿಗಳ ಮಾತು ಹಾಗಿರಲಿ. ಕೆನ್ನೆಯ ಒಳಗಿನ ಮೇಲ್ಪದರದ ಕೋಶಗಳಿಗೂ ಅಡಕೆಗೂ ಏನು ಸಂಬಂಧ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಆಗ ಅಣು ಪ್ರಜನನ, ಬೆಳವಣಿಗೆ ಮತ್ತು ತಳಿವಿಜ್ಞಾನ ಎಂಬ ಹೆಸರಿದ್ದ ವಿಭಾಗದಲ್ಲಿ, ಪ್ರಾಧ್ಯಾಪಕ ಪಾತೂರು ಕೊಂಡಯ್ಯ ಮತ್ತು ಅವರ ಸಂಗಡಿಗರು ಈ ಪ್ರಶ್ನೆಯ ಬೆನ್ನು ಹತ್ತಿದರು. ಕೊಂಡಯ್ಯನವರಿಗೆ ಟಿ.ಜಿ.ಎಫ್.-ಬೀಟಾ ಎಂಬ ಸಂಕೇತ ಪ್ರೋಟೀನು ಹಳೆಯ ಪರಿಚಯ. ಅಮೆರಿಕದಲ್ಲಿದ್ದಾಗ ಅವರು ಕಪ್ಪೆಯೊಂದರಲ್ಲಿ ಆ ಕುಟುಂಬದ ಹೊಸ ಸದಸ್ಯವನ್ನು ಗುರುತಿಸಿ ೧೯೯೦ರಲ್ಲಿ ಪ್ರಕಟಿಸಿದ್ದರು. ಗಾಯ ಮಾಯುವಾಗ ನಾರನ್ನು ಹೆಣೆಯಿರೆಂದು ಕೋಶಗಳಿಗೆ ಆಜ್ಞೆ ಕೊಡುವುದು ಈ ಪ್ರೋಟೀನು. ಗಾಯವಿಲ್ಲದ ಕಡೆ ಇದೇ ಆಜ್ಞೆ ಹೊರಟರೆ? ೨೦೧೧ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ, ನಾರುಗಟ್ಟು ರೋಗಿಗಳ ಬಾಯಿಯ ಅಂಗಾಂಶದಲ್ಲಿ ಟಿ.ಜಿ.ಎಫ್.-ಬೀಟಾ ಏರಿರುವುದೂ, ಅದರ ಕೈ ಹಿಡಿದು ನಿಲ್ಲಿಸಬಲ್ಲ ಬಿ.ಎಂ.ಪಿ.-೭ ಎಂಬ ಇನ್ನೊಂದು ಪ್ರೋಟೀನು ಇಳಿದಿರುವುದೂ ಕಂಡುಬಂದಿತು. ೨೦೧೨ರ ಪ್ರಬಂಧವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಅಡಕೆಯ ಸಾರವನ್ನು ಹಾಕಿದಾಗ ಮೇಲ್ಪದರದ ಕೋಶಗಳಲ್ಲಿ ಈ ಸಂಕೇತದ ಹಾದಿ ಜಾಗೃತವಾಗುವುದೆಂದು ತೋರಿಸಿತು. ಆ ಕೋಶಗಳ ಸ್ರಾವವು ಕೆಳಗಿನ ನಾರುಕೋಶಗಳ ಮೇಲೆ ಏನು ಮಾಡುವುದೆಂಬುದನ್ನು ೨೦೧೫ರಲ್ಲಿ ಪರಿಶೀಲಿಸಲಾಯಿತು: ಮೇಲಿನ ಮನೆಯವರು ಕಳುಹಿದ ಸುದ್ದಿಯಿಂದ ಕೆಳಗಿನ ಮನೆಯವರು ಚುರುಕಾಗುತ್ತಾರೆ. ಅಡಕೆ ಮುಟ್ಟುವುದು ಮೇಲ್ಪದರವನ್ನು, ನಾರು ಕಟ್ಟುವುದು ಅದರಡಿಯಲ್ಲಿ ಎಂಬ ಒಗಟಿಗೆ ಇದು ಉತ್ತರ.

ಆದರೆ ಗ್ರಾಹಕಕ್ಕೆ ಅಡಕೆ ತಗುಲಿದುದಕ್ಕೂ ಟಿ.ಜಿ.ಎಫ್.-ಬೀಟಾ ಹುಟ್ಟುವುದಕ್ಕೂ ನಡುವೆ ಏನು ನಡೆಯಿತು? ಇದಕ್ಕೆ ೨೦೧೬ರಲ್ಲಿ ಬಂದ ಪ್ರಬಂಧವನ್ನು ನಾವು ಬಹಳ ಮೆಚ್ಚುತ್ತೇವೆ. ಸರಪಳಿಯ ಒಂದೊಂದು ಕೊಂಡಿಯೂ ಅಲ್ಲಿದೆ.

ಮಸ್ಕರಿನ್ ಗ್ರಾಹಕದ ಒಳತುದಿಗೆ ಸುದ್ದಿ ಬಂದ ಮೇಲೆ ಆಗುವ ಮುಖ್ಯ ಘಟನೆಯೆಂದರೆ ಕೋಶದೊಳಗೆ ಕ್ಯಾಲ್ಸಿಯಂ ಅಯಾನುಗಳ ಏರಿಕೆ. ಸಾಧಾರಣವಾಗಿ ಕೋಶರಸದಲ್ಲಿ ಕ್ಯಾಲ್ಸಿಯಂ ಅತ್ಯಲ್ಪ. ಹೊರಗಿನ ದ್ರವದಲ್ಲಿರುವುದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಕೋಶವು ತನ್ನ ಶಕ್ತಿಯನ್ನು ವ್ಯಯಮಾಡಿ ಈ ಅಯಾನುಗಳನ್ನು ಹೊರಕ್ಕೆ ನೂಕಿ, ಒಳಗಿರುವ ಚೀಲಗಳಲ್ಲಿ ತುಂಬಿ ಇಟ್ಟುಕೊಂಡಿರುತ್ತದೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟನ್ನು ನೆನೆಯಿರಿ. ಮೇಲೆ ನೀರಿನ ರಾಶಿ, ಕೆಳಗೆ ಒಣಗಿದ ಕಾಲುವೆ. ತೂಬನ್ನು ಎತ್ತಲು ಬೇಕಾಗುವ ಶ್ರಮ ಅಲ್ಪ. ಹರಿಯುವ ನೀರಿನ ಬಲ ಅಪಾರ. ಗ್ರಾಹಕದ ಸುದ್ದಿಯು ಮಾಡುವುದು ತೂಬನ್ನೆತ್ತುವ ಕೆಲಸ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯಲ್ಲಿ ಅಡಕೆಯು ಅಲ್ಪತನಕ್ಕೆ ಉಪಮಾನವಾಗಿದೆಯಷ್ಟೆ; ಇಲ್ಲಿ ಕೆಲಸ ಮಾಡುವ ಅರಿಕೋಲಿನ್ನಿನ ಪ್ರಮಾಣವಂತೂ ಅದಕ್ಕಿಂತ ಎಷ್ಟೋ ಅಲ್ಪ, ಆದರೆ ತೂಬಿನ ಹಿಂದೆ ಕೆರೆಯೇ ಇದೆ.

ಹರಿದು ಬಂದ ಕ್ಯಾಲ್ಸಿಯಂ ಒಂದು ಕೈನೇಸನ್ನು ಎಚ್ಚರಿಸುವುದು. ಕೈನೇಸ್ ಎಂದರೆ ಇತರ ಪ್ರೋಟೀನುಗಳ ಮೇಲೆ ಫಾಸ್ಫೇಟಿನ ಒಂದು ಗುಂಪನ್ನು ಅಂಟಿಸುವ ಪ್ರೋಟೀನು. ಈ ಫಾಸ್ಫೇಟಿನ ಮಹಿಮೆ ಏನು? ಭೌತವಿಜ್ಞಾನದ ದೃಷ್ಟಿಯಿಂದ ಉತ್ತರ ಸರಳ. ದೇಹದ ದ್ರವದಲ್ಲಿ ಆ ಗುಂಪಿನ ಮೇಲೆ ಹೆಚ್ಚುಕಡಿಮೆ ಎರಡು ಎಲೆಕ್ಟ್ರಾನುಗಳಷ್ಟು ಋಣ ವಿದ್ಯುದಂಶವಿರುತ್ತದೆ. ಮೊದಲು ವಿದ್ಯುದಂಶವಿಲ್ಲದಿದ್ದ ಜಾಗದಲ್ಲಿ ಒಮ್ಮೆಗೇ ಎರಡು ಋಣಾಂಶ ಬಂದು ಕುಳಿತರೆ, ಕೂಲಂಬನ ನಿಯಮದಂತೆ ಸುತ್ತಲಿನ ಧನಾಂಶಗಳು ಸೆಳೆಯಲ್ಪಡುವುವು, ಋಣಾಂಶಗಳು ದೂರ ಸರಿಯುವುವು. ಪ್ರೋಟೀನಿನ ಮಡಿಕೆಯೇ ಬದಲಾಗುವುದು. ಮಲಗಿದ್ದ ಪ್ರೋಟೀನು ಎದ್ದು ಕೂರುವುದು ಇದರಿಂದಲೇ. ಹೀಗೆ ಎಚ್ಚರಗೊಂಡ ಕೈನೇಸಿನಿಂದ ಮುಂದಕ್ಕೆ ಸುದ್ದಿ ಸಾಗಿ, ಜೆ.ಎನ್.ಕೆ. ಎಂಬ ಮತ್ತೊಂದು ಕೈನೇಸ್ ಎಚ್ಚರಗೊಳ್ಳುವುದು. ಅಡಕೆಯಿಂದ ಹುಟ್ಟುವ ಚುರುಕಾದ ಆಮ್ಲಜನಕದ ಅಣುಗಳೂ ಜೆ.ಎನ್.ಕೆ.ಯನ್ನು ಕೆರಳಿಸುವುದರಲ್ಲಿ ಪಾಲುಗೊಳ್ಳುತ್ತವೆಂದು ಸಂಶೋಧಕರು ಕಂಡರು. ಜೆ.ಎನ್.ಕೆ.ಯಾದರೋ ಎ.ಟಿ.ಎಫ್.-೨ ಮತ್ತು ಜುನ್ ಎಂಬೆರಡು ಪ್ರೋಟೀನುಗಳಿಗೆ ಫಾಸ್ಫೇಟನ್ನು ಅಂಟಿಸುವುದು. (ಜುನ್ ಎಂಬುದು ಜಪಾನೀ ಭಾಷೆಯಲ್ಲಿ ಹದಿನೇಳು ಎಂಬರ್ಥದ ಜು-ನಾನಾ ಪದದ ತುಂಡು, ಹದಿನೇಳನೆಯ ಸಂಖ್ಯೆಯ ಕೋಳಿ ವೈರಸ್ಸಿನಿಂದ ಅದು ಬೆಳಕಿಗೆ ಬಂದಿತು. ವಿಜ್ಞಾನಿಗಳ ನಾಮಕರಣ ಹೀಗೂ ಉಂಟು.) ಇವೆರಡೂ ಕೋಶಕೇಂದ್ರದಲ್ಲಿ ಸೇರಿ, ಟಿ.ಜಿ.ಎಫ್.-ಬೀಟಾದ ಜೀನಿನ ಮುಂಭಾಗದ ಮೇಲೆ ಕುಳಿತು, ‘ಇದನ್ನು ಓದು’ ಎಂದು ಆಜ್ಞಾಪಿಸುವುವು.

ಅಲ್ಲಿಗೆ ಕಥೆಯ ಅರ್ಧ ಮುಗಿಯಿತು. ಹೊಸದಾಗಿ ತಯಾರಾದ ಟಿ.ಜಿ.ಎಫ್.-ಬೀಟಾ ಕೋಶದ ಹೊರಕ್ಕೆ ಬಂದು, ಅದೇ ಕೋಶದ ಅಥವಾ ನೆರೆಕೋಶದ ಬಾಗಿಲನ್ನು ತಟ್ಟುವುದು. ಅದರ ಗ್ರಾಹಕಗಳು ಜೋಡಿಗ್ರಾಹಕಗಳು. ಎರಡನೆಯ ಬಗೆಯದು ಸಂಕೇತವನ್ನು ಹಿಡಿದು, ಮೊದಲನೆಯ ಬಗೆಯದನ್ನು ಪಕ್ಕಕ್ಕೆಳೆದುಕೊಂಡು ಅದಕ್ಕೆ ಫಾಸ್ಫೇಟನ್ನು ಅಂಟಿಸುವುದು. ಮೊದಲನೆಯದು ಸ್ಮ್ಯಾಡ್ ಎಂಬ ಪ್ರೋಟೀನುಗಳ ಬಾಲಕ್ಕೆ ಫಾಸ್ಫೇಟನ್ನು ಅಂಟಿಸಿ ಬಿಟ್ಟುಬಿಡುವುದು. ಗುರುತು ಬಿದ್ದ ಸ್ಮ್ಯಾಡ್‌ಗಳು ತಮ್ಮ ಜೊತೆಗಾರನನ್ನು ಕೂಡಿಕೊಂಡು ಕೋಶಕೇಂದ್ರವನ್ನು ಹೊಕ್ಕು ಕೊಲಾಜನ್ ಮೊದಲಾದ ನಾರುಪ್ರೋಟೀನುಗಳ ಜೀನುಗಳನ್ನು ಓದಿಸುವುವು. ನಾರುಕೋಶದಲ್ಲಿ ಇದು ನಡೆದರೆ ನಾರಿನ ಹೆಣಿಗೆ ಆರಂಭವಾದಂತೆಯೇ.

ಹೆಣೆದ ನಾರು ಮತ್ತೆ ಕರಗಬಾರದೆ ಎಂದು ಕೇಳಬಹುದು. ಆರೋಗ್ಯವಂತ ಅಂಗಾಂಶದಲ್ಲಿ ಹಳೆಯ ನಾರನ್ನು ಕಡಿದುಹಾಕುವ ಕಿಣ್ವಗಳು ಸದಾ ದುಡಿಯುತ್ತಿರುತ್ತವೆ. ಇಲ್ಲಿಯೇ ಚೊಗರಿನ ನೆನಪು ಮಾಡಿಕೊಳ್ಳಬೇಕು. ಚೊಗರಿನ ಕೆಂಪು ಮತ್ತು ಒಗರು ಟ್ಯಾನಿನ್‌ಗಳಿಂದ ಬಂದುವು. ಚರ್ಮವನ್ನು ಹದಮಾಡುವವರು ಟ್ಯಾನಿನ್ ಉಳ್ಳ ತೊಗಟೆಯ ರಸದಲ್ಲಿ ತೊಗಲನ್ನು ನೆನೆಯಿಡುವುದು ಏತಕ್ಕೆ? ತೊಗಲಿನ ಕೊಲಾಜನ್ ನಾರುಗಳನ್ನು ಟ್ಯಾನಿನ್ ಒಂದಕ್ಕೊಂದು ಬಿಗಿದು, ಕೊಳೆಯದಂತೆ ಮಾಡುವುದು. ಅಡಕೆಯ ಟ್ಯಾನಿನ್ ವರ್ಗದ ವಸ್ತುಗಳು ಕೊಲಾಜನನ್ನು ಕಿಣ್ವಗಳಿಗೆ ಬಗ್ಗದಂತೆ ಗಟ್ಟಿಮಾಡುವುದನ್ನು ೧೯೮೦ರ ದಶಕದ ಪ್ರಯೋಗಗಳೇ ತೋರಿಸಿದ್ದುವು. ಒಂದು ಕಡೆ ನಾರಿನ ಉತ್ಪಾದನೆಗೆ ಆಜ್ಞೆ, ಇನ್ನೊಂದು ಕಡೆ ಆದ ನಾರಿಗೆ ಹದ. ಬಾಯಿ ಬಿಗಿಯದೆ ಇನ್ನೇನಾದೀತು?

ಇಷ್ಟೆಲ್ಲವನ್ನೂ ಸಂಶೋಧಕರು ಕಂಡುದು ಹೇಗೆ ಎಂಬುದು ನಮ್ಮಂಥವರಿಗೆ ಫಲಿತಾಂಶಕ್ಕಿಂತಲೂ ರುಚಿಕರ. ಯಾವ ಸೂಕ್ಷ್ಮದರ್ಶಕದಲ್ಲಿಯೂ ಫಾಸ್ಫೇಟು ಅಂಟಿಕೊಳ್ಳುವುದು ಕಾಣದು. ಇಂಥ ಕೆಲಸದಲ್ಲಿ ಮೊದಲು ಮನುಷ್ಯನ ಮೇಲ್ಪದರದ ಕೋಶಗಳನ್ನು ಗಾಜಿನಂಥ ತಟ್ಟೆಗಳಲ್ಲಿ, ದೇಹದ ಉಷ್ಣತೆಯಲ್ಲಿ, ಪೋಷಕದ್ರವದೊಳಗೆ ಬೆಳೆಸುವರು. ಕೋಶಗಳು ಸಾಯದಷ್ಟು ತೆಳುವಾದ ಅಡಕೆಯ ಸಾರವನ್ನು ಕೆಲವು ತಟ್ಟೆಗಳಿಗೆ ಹಾಕಿ, ಇನ್ನು ಕೆಲವನ್ನು ಹೋಲಿಕೆಗೆಂದು ಹಾಗೆಯೇ ಬಿಡುವರು. ಸಾಯುವಷ್ಟು ಹಾಕಿದರೆ ಫಲವಿಲ್ಲ. ಸತ್ತ ಕೋಶವು ಯಾವ ವಿಷಕ್ಕೂ ಒಂದೇ ಉತ್ತರವನ್ನು ಕೊಡುವುದು. ನಿಶ್ಚಿತ ಕಾಲ ಕಳೆದ ಬಳಿಕ ಕೋಶಗಳನ್ನು ಒಡೆದು, ಒಳಗಿನ ಪ್ರೋಟೀನುಗಳಿಗೆ ಸಾಬೂನಿನಂಥ ವಸ್ತುವೊಂದನ್ನು ಬೆರೆಸುವರು. ಅದು ಪ್ರತಿಯೊಂದು ಪ್ರೋಟೀನಿನ ಮಡಿಕೆಯನ್ನೂ ಬಿಚ್ಚಿ, ಅದರ ಉದ್ದಕ್ಕೆ ತಕ್ಕಷ್ಟು ಋಣ ವಿದ್ಯುದಂಶವನ್ನು ಮೆತ್ತುವುದು. ಆಮೇಲೆ ಆ ಮಿಶ್ರಣವನ್ನು ಲೋಳೆಯಂಥ ಹಲಗೆಯ ಒಂದು ತುದಿಯಲ್ಲಿಟ್ಟು ಸುಮಾರು ನೂರು ವೋಲ್ಟಿನ ವಿದ್ಯುತ್ತನ್ನು ಹರಿಯಿಸಿದರೆ, ಎಲ್ಲ ಪ್ರೋಟೀನುಗಳೂ ಧನಧ್ರುವದತ್ತ ಓಡತೊಡಗುವುವು. ಲೋಳೆಯು ಒಂದು ಜರಡಿ. ಪುಟ್ಟವು ನುಸುಳಿ ಮುಂದೆ ಹೋಗುವುವು, ದೊಡ್ಡವು ತಡವರಿಸುವುವು. ಜಲಜನಕ ಪರಮಾಣುವಿನ ಐವತ್ತು ಸಾವಿರ ಪಟ್ಟಿಗೂ ಹೆಚ್ಚು ತೂಕವಿರುವ ಸ್ಮ್ಯಾಡ್-೨ ತನ್ನ ತೂಕಕ್ಕೆ ಸಲ್ಲುವ ಜಾಗದಲ್ಲಿ ಬಂದು ನಿಲ್ಲುವುದು.

ಹೀಗೆ ಬೇರ್ಪಟ್ಟ ಪ್ರೋಟೀನುಗಳನ್ನು ಒಂದು ತೆಳುಹಾಳೆಗೆ ಒತ್ತಿ, ಅದರ ಮೇಲೆ ಪ್ರತಿಕಾಯಗಳನ್ನು ಸುರಿಯುವರು. ಫಾಸ್ಫೇಟ್ ಅಂಟಿದ ಸ್ಮ್ಯಾಡ್-೨ಕ್ಕೆ ಮಾತ್ರ ಹತ್ತಿ, ಅಂಟದಿರುವುದನ್ನು ತಿರುಗಿಯೂ ನೋಡದ ಪ್ರತಿಕಾಯವನ್ನು ತಯಾರಿಸಬಹುದೆಂಬುದೇ ಈ ವಿಧಾನದ ಜೀವಾಳ. ಪ್ರತಿಕಾಯದ ಬೆನ್ನಿಗೆ ಬೆಳಕನ್ನು ಹೊಮ್ಮಿಸುವ ಕಿಣ್ವವನ್ನು ಕಟ್ಟಿ ಕತ್ತಲೆಯಲ್ಲಿ ಚಿತ್ರ ಹಿಡಿದರೆ, ಗುರುತುಬಿದ್ದ ಪ್ರೋಟೀನು ಇದ್ದಲ್ಲಿ ಒಂದು ಗೆರೆ ಮೂಡುವುದು. ೧೯೭೯ರಲ್ಲಿ ರೂಪುಗೊಂಡ ಈ ವಿಧಾನಕ್ಕೆ ೧೯೮೧ರಲ್ಲಿ ‘ಪಡುವಣ ಅಚ್ಚು’ ಎಂಬರ್ಥದ ಹೆಸರು ಬಂದಿತು. ಅದಕ್ಕೆ ಮೊದಲು ಡಿ.ಎನ್.ಎ.ಯನ್ನು ಹೀಗೆ ಒತ್ತುವ ವಿಧಾನವನ್ನು ಕಂಡುಹಿಡಿದವನ ಮನೆತನದ ಹೆಸರು ಸದರ್ನ್, ಎಂದರೆ ತೆಂಕಣ ಎಂದಾಗಿದ್ದುದೇ ಈ ವಿನೋದಕ್ಕೆ ಮೂಲ. ನಡುವೆ ಬಡಗಣ ಅಚ್ಚೂ ಬಂದಿತ್ತು.

ಗೆರೆ ಮೂಡಿತೆಂಬುದರಿಂದ ಕಾರಣ ಸಿದ್ಧವಾಗದು. ವಿದ್ಯುನ್ಮಂಡಲವೊಂದರಲ್ಲಿ ಯಾವ ತಂತಿಯ ಮೂಲಕ ಪ್ರವಾಹ ಸಾಗುತ್ತಿದೆಯೆಂದು ತಿಳಿಯಲು ನಮ್ಮ ವಿದ್ಯಾರ್ಥಿಗಳು ಏನು ಮಾಡುವರು? ಒಂದೊಂದೇ ತಂತಿಯನ್ನು ಬಿಚ್ಚಿ, ದೀಪ ಆರುವುದೋ ಇಲ್ಲವೋ ನೋಡುವರು. ಇಲ್ಲಿಯೂ ಅದೇ ಯುಕ್ತಿ. ಮಸ್ಕರಿನ್ ಗ್ರಾಹಕವನ್ನು ಮುಚ್ಚುವ ಔಷಧವನ್ನು ಮೊದಲೇ ಹಾಕಿದರೆ ಅಡಕೆಯ ಸಾರವು ಜೆ.ಎನ್.ಕೆ.ಯನ್ನು ಎಚ್ಚರಿಸುವ ಬಲವನ್ನು ಕಳೆದುಕೊಳ್ಳುವುದು. ಜೆ.ಎನ್.ಕೆ.ಯನ್ನೇ ಕಟ್ಟಿಹಾಕಿದರೆ ಮುಂದಿನ ಟಿ.ಜಿ.ಎಫ್.-ಬೀಟಾದ ಸುದ್ದಿ ಅಡಗುವುದು. ಹೀಗೆ ಕೊಂಡಿಗಳ ಕ್ರಮ ಗೊತ್ತಾಯಿತು. ತಟ್ಟೆಯಲ್ಲಿ ಬೆಳೆದ ಕೋಶವು ಬಾಯಿಯಲ್ಲ ಎಂಬ ಆಕ್ಷೇಪಣೆಗೂ ಅವರು ಅವಕಾಶ ಬಿಡಲಿಲ್ಲ: ನಾರುಗಟ್ಟು ರೋಗಿಗಳ ಅಂಗಾಂಶದ ತೆಳುಹೋಳುಗಳಲ್ಲಿ ಎಚ್ಚೆತ್ತ ಜೆ.ಎನ್.ಕೆ.ಯನ್ನು ಹುಡುಕಿದಾಗ ಅದು ದೊರೆಯಿತು. ಆರೋಗ್ಯವಂತ ಅಂಗಾಂಶದಲ್ಲಿ ದೊರೆಯಲಿಲ್ಲ. ಫಾಸ್ಫೇಟ್ ಅಂಟಿದ ಎ.ಟಿ.ಎಫ್.-೨, ಜುನ್ ಇವೂ ರೋಗಿಗಳ ಕೋಶಕೇಂದ್ರಗಳಲ್ಲಿಯೇ ಕುಳಿತಿದ್ದುವು.

ನಾರು ಕಟ್ಟಿದ ಜಾಗದಲ್ಲಿ ಕ್ಯಾನ್ಸರು ಏಳುವುದೇಕೆಂಬುದು ಇನ್ನೂ ತೊಡಕಿನ ವಿಷಯ. ಟಿ.ಜಿ.ಎಫ್.-ಬೀಟಾ ಇಬ್ಬಗೆಯ ಸ್ವಭಾವದ್ದು. ೧೯೭೦ರ ದಶಕದ ಕೊನೆಯಲ್ಲಿ, ಸಾಧಾರಣ ಕೋಶಗಳನ್ನು ಕ್ಯಾನ್ಸರ್ ಕೋಶಗಳಂತೆ ವರ್ತಿಸುವಂತೆ ಮಾಡುವ ವಸ್ತುಗಳನ್ನು ಹುಡುಕುವ ಯತ್ನದಿಂದಲೇ ಇದರ ಶೋಧವೂ ಹೊರಟಿತು, ‘ಪರಿವರ್ತಕ’ ಎಂಬ ಹೆಸರೂ ಅದರಿಂದಲೇ ಬಂದಿತು. ಬಳಿಕ ನೋಡಿದರೆ ಇದೇ ವಸ್ತುವು ಮೇಲ್ಪದರದ ಕೋಶಗಳ ವಿಭಜನೆಯನ್ನು ತಡೆಯುವ ಕಾವಲುಗಾರ! ನಾರುಗಟ್ಟು ರೋಗದಲ್ಲಿ ಮೇಲ್ಪದರವು ತೆಳುವಾಗುವುದಕ್ಕೆ ಈ ತಡೆಯೇ ಕಾರಣವಾಗಿರಬಹುದು. ಆದರೆ ಡಿ.ಎನ್.ಎ.ಗೆ ಪೆಟ್ಟುಬಿದ್ದ ಯಾವುದಾದರೊಂದು ಕೋಶವು ಈ ಕಾವಲಿನ ಮಾತನ್ನು ಕೇಳದಂತಾದರೆ, ಅದೇ ಸಂಕೇತವು ಆ ಕೋಶಕ್ಕೆ ಊರು ಬಿಟ್ಟು ಅಲೆಯುವ ಗುಣವನ್ನು ಕೊಡುವುದು. ಕಾವಲುಗಾರನು ಕಳ್ಳನ ಜೊತೆಗಾರನಾದ ಈ ಸಂಗತಿಯಿಂದ ಔಷಧ ಹುಡುಕುವವರಿಗೆ ಬಹಳ ತಲೆನೋವಾಗಿದೆ. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು?

ಗ್ರಾಹಕಗಳನ್ನು ಗುರಿಮಾಡಿದ ಔಷಧಗಳು ಬೇರೆ ಕಡೆ ಫಲ ಕೊಟ್ಟಿವೆ. ಬೆಳೆಯಿರೆಂದು ಕೋಶಕ್ಕೆ ಹೇಳುವ ಇ.ಜಿ.ಎಫ್. ಗ್ರಾಹಕವು ತಲೆ ಮತ್ತು ಕತ್ತಿನ ಭಾಗದ ಅನೇಕ ಕ್ಯಾನ್ಸರುಗಳಲ್ಲಿ ಮಿತಿಮೀರಿರುವುದು. ಅದನ್ನು ಮುಚ್ಚುವ ನಿಮೋಟುಝುಮ್ಯಾಬ್ ಎಂಬ ಪ್ರತಿಕಾಯವನ್ನು ಕ್ಯೂಬಾ ದೇಶದ ವಿಜ್ಞಾನಿಗಳ ಸಹಕಾರದಿಂದ ಬೆಂಗಳೂರಿನ ಬಯೋಕಾನ್ ಕಂಪನಿಯು ೨೦೦೬ರಲ್ಲಿ ಭಾರತದ ಪೇಟೆಗೆ ತಂದಿತು. ನಾರುಗಟ್ಟು ರೋಗಕ್ಕೆ ಇಂಥ ಗುರಿಯಿಟ್ಟ ಔಷಧ ಇನ್ನೂ ದೊರೆತಿಲ್ಲ. ೨೦೧೬ರ ಪ್ರಬಂಧವು ತೋರಿಸಿದ ಕೊಂಡಿಗಳು ಅದಕ್ಕೆ ಗುರಿಗಳಾಗಬಲ್ಲುವು.

ಈ ಮಾತುಗಳನ್ನು ಅಡಕೆಯ ಸೀಮೆಯಲ್ಲಿ ಆಡುವುದು ಸುಲಭವಲ್ಲ. ಕೊಳವೆಬಾವಿಯನ್ನು ನೂರಾರು ಅಡಿ ಕೊರೆಯಿಸಿ, ಬೇಸಗೆಯಲ್ಲಿ ಟ್ಯಾಂಕರಿನ ನೀರನ್ನು ಹೊಯ್ದು ತೋಟವನ್ನು ಉಳಿಸಿಕೊಂಡ ರೈತನಿಗೆ, ‘ನಿನ್ನ ಬೆಳೆ ಕ್ಯಾನ್ಸರಿನ ಮೂಲ’ ಎಂದರೆ ಸಿಟ್ಟು ಬರುವುದು ಸಹಜ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಕಾಲೇಜಿನ ಶುಲ್ಕವು ಅಡಕೆಯಿಂದ ಬಂದುದೇ. ‘ನಮ್ಮ ತಾತ ತೊಂಬತ್ತು ವರ್ಷ ಎಲೆಯಡಕೆ ಹಾಕಿಕೊಂಡೇ ಬಾಳಿದರು’ ಎಂಬ ವಾದವನ್ನು ನಾವು ತರಗತಿಯಲ್ಲಿ ಪದೇ ಪದೇ ಕೇಳಿದ್ದೇವೆ. ವಾದ ಸುಳ್ಳಲ್ಲ, ಆದರೆ ಅದರಿಂದ ಬೇಕಾದ ತೀರ್ಮಾನವು ಹೊರಡದು. ವಿಕಿರಣಶೀಲ ವಸ್ತುವಿನಲ್ಲಿ ಇಂಥದೇ ಪರಮಾಣು ಇಂಥ ಗಳಿಗೆಯಲ್ಲಿ ಒಡೆಯುವುದೆಂದು ಯಾರೂ ಹೇಳಲಾರರು. ಅರ್ಧಾಯುಷ್ಯವನ್ನು ದಾಟಿ ಹತ್ತು ಪಟ್ಟು ಕಾಲ ಬಾಳುವ ಪರಮಾಣುಗಳೂ ಉಂಟು. ಆದರೂ ರಾಶಿಯಲ್ಲಿ ಎಷ್ಟು ಪಾಲು ಒಡೆಯುವುದೆಂಬುದು ನಿಶ್ಚಿತ. ತಾತ ಉಳಿದ ಪರಮಾಣು.

ಅಲ್ಲದೆ ತಾತನ ಎಲೆಯಡಕೆಗೂ ಮೊಮ್ಮಗನ ಪೊಟ್ಟಣಕ್ಕೂ ವ್ಯತ್ಯಾಸವಿದೆ. ಎಲೆಯಡಕೆಯಲ್ಲಿ ತೂಕದ ದೊಡ್ಡ ಪಾಲು ಹಸಿ ವೀಳ್ಯದೆಲೆಯದು. ಊಟವಾದ ಮೇಲೆ ಹಾಕಿಕೊಂಡು ಉಗಿಯುವುದು ಪದ್ಧತಿ. ಪೊಟ್ಟಣದ ಪಾನ್ ಮಸಾಲೆಯಲ್ಲಿ ಎಲೆಯಿಲ್ಲ, ತೂಕದ ಬಹುಪಾಲು ಒಣ ಅಡಕೆಯೇ. ಅದು ಶಾಲೆಯ ಹುಡುಗನ ಜೇಬಿನಲ್ಲಿಯೂ ಅಡಗುವುದು, ದಿನವಿಡೀ ಕೆನ್ನೆಯಲ್ಲಿಯೂ ಅಡಗುವುದು. ಕರ್ನಾಟಕ ಸರ್ಕಾರವು ೨೦೧೩ರ ಮೇ ತಿಂಗಳಲ್ಲಿ ಗುಟ್ಕಾವನ್ನು ನಿಷೇಧಿಸಿತು. ಬಳಿಕ ಅಡಕೆ ಒಂದು ಪೊಟ್ಟಣದಲ್ಲಿಯೂ ಹೊಗೆಸೊಪ್ಪು ಇನ್ನೊಂದರಲ್ಲಿಯೂ ಬರತೊಡಗಿದುವು. ಕೊಂಡವನ ಅಂಗೈಯಲ್ಲಿ ಎರಡೂ ಕೂಡಿದುವು. ದೋಷವೆಲ್ಲ ಹೊಗೆಸೊಪ್ಪಿನದು, ಅಡಕೆಯದಲ್ಲ ಎಂದು ಬೆಳೆಗಾರರ ಕಡೆಯವರು ವಾದಿಸುವುದುಂಟು. ಹೊಗೆಸೊಪ್ಪಿನ ದೋಷವನ್ನು ಯಾರೂ ಅಲ್ಲಗಳೆಯರು. ಆದರೆ ಬೆಂಗಳೂರಿನ ತಟ್ಟೆಗಳಲ್ಲಿ ಹಾಕಿದ್ದುದು ಬರಿಯ ಅಡಕೆಯ ಸಾರ. ಅಲ್ಲಿ ಹೊಗೆಸೊಪ್ಪಿನ ಎಸಳೂ ಇರಲಿಲ್ಲ. ಅಂತರರಾಷ್ಟ್ರೀಯ ಮಂಡಲಿಯ ಅಂದಾಜಿನಂತೆ ೨೦೨೨ರಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಹೊಸ ರೋಗಿಗಳು ೧ ಲಕ್ಷ ೪೦ ಸಾವಿರಕ್ಕೂ ಹೆಚ್ಚು. ಗಂಡಸರಲ್ಲಿ ಮೊದಲ ಸ್ಥಾನ ಈ ಕ್ಯಾನ್ಸರಿನದೇ. ತೋಟದವನ ಜೀವನೋಪಾಯದ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದು ಬೇರೆಯಾಗಿ, ಪ್ರಾಮಾಣಿಕವಾಗಿ ಉತ್ತರಿಸಬೇಕಾದ ಪ್ರಶ್ನೆ; ಕೊಲಾಜನ್ ನಾರು ಆ ಉತ್ತರಕ್ಕಾಗಿ ಕಾಯುವುದಿಲ್ಲವಷ್ಟೆ.

ರೋಗದ ಆರಂಭವನ್ನು ಹೇಗೆ ತಿಳಿಯುವುದೆಂದು ವಿದ್ಯಾರ್ಥಿಗಳು ಕೇಳುವುದುಂಟು. ಖಾರಕ್ಕೆ ಅತಿಯಾದ ಉರಿ, ಕೆನ್ನೆಯ ಒಳಗೆ ಬಿಳಿಚಿದ ಬಣ್ಣ, ಮೊದಲಿನಷ್ಟು ಬಾಯಿ ತೆರೆಯದಿರುವುದು, ಇವು ಕಂಡರೆ ದಂತವೈದ್ಯರ ಬಳಿಗೆ ಹೋಗಬೇಕು. ಅಡಕೆಯನ್ನು ಅಂದೇ ಬಿಡಬೇಕು. ಕಟ್ಟಿದ ನಾರು ತಾನಾಗಿ ಬಿಚ್ಚಿಕೊಳ್ಳದಿದ್ದರೂ ಹೊಸ ಆಜ್ಞೆ ಹೊರಡುವುದಾದರೂ ನಿಲ್ಲುವುದು. ವೈದ್ಯರು ಮಾಡುವ ಮೊದಲ ಪರೀಕ್ಷೆಗೆ ಯಾವ ದುಬಾರಿ ಯಂತ್ರವೂ ಬೇಡ. ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ಅಂಚುಗಳ ನಡುವಿನ ಅಂತರವನ್ನು ಅಳೆಯುವರು. ಖನ್ನಾ ಮತ್ತು ಅಂದ್ರಾದೆ ಎಂಬ ವೈದ್ಯರು ೧೯೯೫ರಲ್ಲಿ ಸೂಚಿಸಿದ ವರ್ಗೀಕರಣದಂತೆ ಅಂತರವು ೨೬ರಿಂದ ೩೫ ಮಿಲಿಮೀಟರ್ ಇದ್ದರೆ ರೋಗವು ಎರಡನೆಯ ಹಂತದಲ್ಲಿದೆ, ೧೫ರಿಂದ ೨೬ ಇದ್ದರೆ ಮೂರನೆಯದರಲ್ಲಿ, ಅದಕ್ಕೂ ಕಡಿಮೆಯಾದರೆ ಕೊನೆಯದರಲ್ಲಿ. ಅಳೆಯುವ ಉಪಕರಣವು ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳು ನಮ್ಮ ಪ್ರಯೋಗಶಾಲೆಯಲ್ಲಿ ಮೊದಲ ವಾರವೇ ಕೈಗೆತ್ತಿಕೊಳ್ಳುವ ವರ್ನಿಯರ್ ಕ್ಯಾಲಿಪರ್ಸಿನ ಜಾತಿಯದೇ.